ಕಾಶಿಯ ಜನ, ಕಾಶಿಯ ಮನೆ, ಕಾಶಿಯ ವರಮಾನ

(ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ನಿವೃತ್ತ ಗಿರಣಿ ಕಾರ್ಮಿಕ ಸದಸ್ಯರೊಬ್ಬರು ಮಾಡಿದ ಭಾಷಣ)



ಕಾಶಿಗೆ ಹೋದವರು ಗಂಗೆಯ ತಂಬಿಗೆಯನ್ನೂ ಕಾಶೀದಾರವನ್ನೂ ತರುವುದು ವಾಡಿಕೆ. ನಾನೂ ತಂದಿದ್ದೇನೆ. ಸಭೆ ಮುಗಿದ ಮೇಲೆ ನನ್ನ ಮನೆಯವರು ತಮಗೆಲ್ಲ ಹಂಚುತ್ತಾರೆ. ಅದರ ಜತೆಗೆ ಒಂದು ನೋಟುಪುಸ್ತಕವನ್ನೂ ತುಂಬಿಸಿಕೊಂಡು ಬಂದಿದ್ದೇನೆ. ಯಾತ್ರೆಯ ಅನುಭವ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ವಿಶ್ವನಾಥನ ದರ್ಶನ, ಘಟ್ಟಗಳ ಆರತಿ, ಪಿಂಡಪ್ರದಾನ, ಇವುಗಳ ವಿಷಯ ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ನಾವು ಮೂರು ದಿನ ಇದ್ದು ಬರುವ ಆ ಊರಿನಲ್ಲಿ ವರ್ಷದ 365 ದಿನವೂ ಇರುವವರು ಯಾರು, ಅವರು ಎಷ್ಟು ಮಂದಿ, ಎಲ್ಲಿ ಮಲಗುತ್ತಾರೆ, ಏನು ಗಳಿಸುತ್ತಾರೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಇದರಲ್ಲಿ ನಮಗೇನು ಲಾಭ ಎಂದು ತಾವು ಕೇಳಬಹುದು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಕಾಶಿ ನಮಗೆ ಪರವೂರಲ್ಲ. ಗೊದೌಲಿಯಾದಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಜಂಗಮವಾಡಿ ಮಠ ಸಿಗುತ್ತದೆ. ಅಲ್ಲಿ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ. ಅಕ್ಬರನ ಕಾಲದಿಂದ ಹಿಡಿದು ಮೊಘಲ ಬಾದಶಹರು ಜಂಗಮರಿಗೆ ಭೂಮಿ ಬಿಟ್ಟುಕೊಟ್ಟ ಫರ್ಮಾನುಗಳು ಆ ಮಠದ ಆಸ್ತಿ. ಗಂಗೆಯ ದಂಡೆಯಲ್ಲಿ ಮೈಸೂರು ಸಂಸ್ಥಾನದವರ ಘಟ್ಟವಿದೆ. ಈಗ ಅದಕ್ಕೆ ಕರ್ನಾಟಕ ಘಟ್ಟವೆಂದು ಹೆಸರು. 1916ರಲ್ಲಿ ಹಿಂದೂ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಮೊದಲ ಕುಲಾಧಿಪತಿಗಳಾದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಆದಕಾರಣ ಆ ಊರಿನ ಸುಖದುಃಖ ವಿಚಾರಿಸುವ ಹಕ್ಕು ನಮಗೂ ಇದೆ.

ಜನ ಎಷ್ಟು?

2011ರ ಖಾನೇಷುಮಾರಿಯ ಪ್ರಕಾರ ವಾರಾಣಸಿ ನಗರಪಾಲಿಕೆಯ ಜನಸಂಖ್ಯೆ 11,98,491, ಹನ್ನೆರಡು ಲಕ್ಷವೆನ್ನಿ. ಸುತ್ತಲಿನ ಪಟ್ಟಣಪ್ರದೇಶ ಸೇರಿಸಿದರೆ ಹದಿನಾಲ್ಕು ಲಕ್ಷ ದಾಟುತ್ತದೆ. ಅದೇ ವರ್ಷ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಒಂಬತ್ತೂವರೆ ಲಕ್ಷದಷ್ಟು, ಮೈಸೂರಿನಲ್ಲಿ ಒಂಬತ್ತು ಲಕ್ಷದಷ್ಟು ಜನರಿದ್ದರು. ಮುಂಬಯಿಯಲ್ಲಿ ಒಂದು ಕೋಟಿ 24 ಲಕ್ಷ. ಅಂದರೆ ಕಾಶಿಯು ಮುಂಬಯಿಯ ಹತ್ತನೆಯ ಒಂದು ಪಾಲು; ಹುಬ್ಬಳ್ಳಿಗಿಂತ ಕೊಂಚ ದೊಡ್ಡದು; ನಮ್ಮ ದೇಶದ ಲೆಕ್ಕದಲ್ಲಿ ಮಧ್ಯಮ ಗಾತ್ರದ ಊರು.

1901ರಲ್ಲಿ ಅಲ್ಲಿದ್ದವರು ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ. 1951ರಲ್ಲಿ ಮೂರೂವರೆ ಲಕ್ಷ. ಮುಂದಿನ ಅರವತ್ತು ವರ್ಷಗಳಲ್ಲಿ ಅದು ಮೂರುಪಟ್ಟಿಗೂ ಮಿಕ್ಕಿ ಬೆಳೆಯಿತು. ಆದರೆ 2001ರಿಂದ 2011ರವರೆಗೆ ಊರೊಳಗಿನ ಬೆಳವಣಿಗೆ ನೂರಕ್ಕೆ ಹತ್ತರಷ್ಟು ಮಾತ್ರ. ಜನ ಬರುವುದು ನಿಂತಿತೆಂದು ಇದರ ಅರ್ಥವಲ್ಲ. ಒಳಗೆ ಜಾಗ ಮುಗಿಯಿತು, ಬಂದವರು ಅಂಚಿನ ಹಳ್ಳಿಗಳಲ್ಲಿ ಬಿಡಾರ ಹೂಡಿದರು. ಹಳೆಯ ಪಾಲಿಕೆಯ ವಿಸ್ತೀರ್ಣ ಸುಮಾರು 80 ಚದರ ಕಿಲೋಮೀಟರು. ಒಂದು ಚದರ ಕಿಲೋಮೀಟರಿಗೆ ಹದಿನೈದು ಸಾವಿರದಷ್ಟು ಜನ. ಈಚೆಗೆ ಎಂಬತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಪಾಲಿಕೆಯ ಗಡಿಯೊಳಗೆ ಸೇರಿಸಿದ್ದಾರೆ. 2023ರ ಚುನಾವಣೆ ನಡೆದದ್ದು ನೂರು ವಾರ್ಡುಗಳಿಗೆ. ಅದಕ್ಕೆ ಮೊದಲು ತೊಂಬತ್ತು ಇದ್ದವು.

ಆ ಹನ್ನೆರಡು ಲಕ್ಷದಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಹಿಂದೂಗಳು, ಸುಮಾರು ಇಪ್ಪತ್ತೊಂಬತ್ತು ಮಂದಿ ಮುಸಲ್ಮಾನರು. ವಿಶ್ವನಾಥನ ಊರಿನಲ್ಲಿ ಇಷ್ಟು ಮುಸಲ್ಮಾನರೇ ಎಂದು ನಮ್ಮ ತಂಡದವರೊಬ್ಬರು ಹುಬ್ಬೇರಿಸಿದರು. ನಮ್ಮ ಹೆಣ್ಣುಮಕ್ಕಳ ಮದುವೆಗೆ ಬನಾರಸಿ ಸೀರೆ ಬೇಕಲ್ಲ, ಅದನ್ನು ನೇಯುವವರು ಬಹುಪಾಲು ಅವರೇ. ಮದನಪುರಾ, ಅಲಈಪುರ, ಬಜರಡೀಹಾ, ಲೋಹತಾ, ಈ ಮೊಹಲ್ಲಾಗಳಲ್ಲೆಲ್ಲ ಮಗ್ಗದ್ದೇ ಸದ್ದು. ಕಬೀರದಾಸರೂ ಕಾಶಿಯ ನೇಕಾರರ ಮನೆಯಲ್ಲೇ ಬೆಳೆದವರು.

ಮನೆ ನೋಡಿ ಜನ ಎಣಿಸಿದ ಕಥೆ

ಈಗ ಇನ್ನೂರು ವರ್ಷ ಹಿಂದೆ ಹೋಗೋಣ. ಸುಮಾರು 1800ರ ಹೊತ್ತಿಗೆ ಕಂಪನಿ ಸರಕಾರದವರು ಕಾಶಿಯ ಜನಸಂಖ್ಯೆ ಐದು ಲಕ್ಷಕ್ಕೂ ಮೀರಿದ್ದೆಂದು ಬರೆದಿಟ್ಟರು. ಅವರು ಮನೆಗಳನ್ನು ಎಣಿಸಿ, ಒಂದೊಂದು ಮನೆಯಲ್ಲಿ ಇಷ್ಟಿಷ್ಟು ಜನರಿದ್ದಾರು ಎಂದು ಅಂದಾಜು ಕಟ್ಟಿ ಗುಣಿಸಿದ್ದರು. ಕಾಶಿಯ ಮನೆಗಳು ನಾಲ್ಕೈದು ಅಂತಸ್ತಿನವು. ಅವುಗಳ ಎತ್ತರ ಕಂಡು ಒಳಗೆ ಜನ ಕಿಕ್ಕಿರಿದಿರಬೇಕೆಂದು ಅವರು ಭಾವಿಸಿದರು.

ಮುಂದೆ ಜೇಮ್ಸ್ ಪ್ರಿನ್ಸೆಪ್ ಎಂಬಾತ ಅಲ್ಲಿನ ಟಂಕಸಾಲೆಯ ಅಧಿಕಾರಿಯಾಗಿ ಬಂದ. 1837ರಲ್ಲಿ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿ ಅಶೋಕನ ಶಾಸನಗಳನ್ನು ಓದಿದವನೂ ಇವನೇ. ಚಿನ್ನಬೆಳ್ಳಿಯನ್ನು ಒರೆಗೆ ಹಚ್ಚುವ ಕೆಲಸದವನಲ್ಲವೇ? ಹಳೆಯ ಲೆಕ್ಕವನ್ನೂ ಒರೆಗೆ ಹಚ್ಚಿದ. ಊರಿನ ನಕ್ಷೆ ಬರೆದ. 1828-29ರಲ್ಲಿ ಮೊಹಲ್ಲಾ ಮೊಹಲ್ಲಾ ಹಿಡಿದು ಎಣಿಕೆ ಮಾಡಿಸಿದ. ಸುಮಾರು ಮೂವತ್ತು ಸಾವಿರ ಮನೆಗಳು ಸಿಕ್ಕವು. ಜನ ಸುಮಾರು ಒಂದು ಲಕ್ಷ ಎಂಬತ್ತು ಸಾವಿರ ಮಾತ್ರ. ಹಳೆಯ ಅಂದಾಜಿನ ಮೂರನೆಯ ಒಂದು ಪಾಲು!

ಹೊರಗೆ ನಿಂತು ಗೋಡೆ ನೋಡಿ ಬರೆದರೆ ಲೆಕ್ಕ ಮೂರುಪಟ್ಟು ತಪ್ಪಬಹುದು; ಒಳಗೆ ಹೋಗಿ ಕೇಳಬೇಕು. ಅಂದು ಇಲ್ಲದವರನ್ನು ಬರೆದುಕೊಂಡರು. ಇಂದಿನ ನಮ್ಮ ಊರುಗಳಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ನಡೆಯುತ್ತದೆ: ಇದ್ದವರನ್ನೇ ಬಿಟ್ಟುಬಿಡುತ್ತಾರೆ.

ಮನೆ ಹೇಗಿದೆ?

ಗಂಗೆಯ ದಂಡೆಯ ಹಳೆಯ ಊರಿಗೆ ಪಕ್ಕಾ ಮಹಲ್ ಎನ್ನುತ್ತಾರೆ. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂತಹ ಗಲ್ಲಿಗಳು. ಬಿಸಿಲು ನೆಲಕ್ಕೆ ಬೀಳುವುದು ನಡುಹಗಲಿನಲ್ಲಿ ಮಾತ್ರ. ಒಳಗೆ ಚೌಕಾಕಾರದ ಅಂಗಳ, ಸುತ್ತ ಕೋಣೆಗಳು, ಮೇಲೆ ಮತ್ತೆ ಕೋಣೆಗಳು. ಒಂದು ಕಾಲಕ್ಕೆ ಒಂದೇ ಮನೆತನದ್ದಾಗಿದ್ದ ಮನೆಯಲ್ಲಿ ಈಗ ಅಂತಸ್ತಿಗೊಂದು ಒಲೆ ಉರಿಯುತ್ತದೆ. ಲಾಲ್‌ಬಾಗಿನ ಚಾಳಿನಲ್ಲಿ ಬಾಳಿದ ನನಗೆ ಅದು ಹೊಸದೆನಿಸಲಿಲ್ಲ. ನೀರಿಗೆ ಸರದಿ, ಶೌಚಕ್ಕೆ ಸರದಿ, ಮೆಟ್ಟಿಲ ಮೇಲೆ ಸೈಕಲ್ಲು, ಕಂಬಿಯ ಮೇಲೆ ಒಗೆದ ಬಟ್ಟೆ, ಎಲ್ಲವೂ ನಮ್ಮದೇ.

ಈ ಹಳೆಯ ಊರಿನ ಒಂದು ಭಾಗ ಈಗ ಇಲ್ಲ. ವಿಶ್ವನಾಥನ ಗುಡಿಯಿಂದ ಗಂಗೆಯವರೆಗೆ ವಿಶಾಲ ಪ್ರಾಂಗಣ ನಿರ್ಮಿಸಲು 2019ರಲ್ಲಿ ಅಡಿಗಲ್ಲಿಟ್ಟು, 2021ರ ಡಿಸೆಂಬರ 13ರಂದು ಉದ್ಘಾಟಿಸಿದರು. ಅದಕ್ಕಾಗಿ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಕೊಂಡು ತೆಗೆದರು. ಸರಕಾರವೇ ಹೇಳಿದಂತೆ ಅಂಗಡಿಕಾರರು, ಬಾಡಿಗೆದಾರರು, ಮನೆಯೊಡೆಯರು ಸೇರಿ ಸುಮಾರು 1,400 ಮಂದಿಗೆ ಪುನರ್ವಸತಿಯ ಏರ್ಪಾಡಾಯಿತು. ಮನೆಗಳ ನಡುವೆ ಹೂತುಹೋಗಿದ್ದ ಹಳೆಯ ಗುಡಿಗಳು ಬೆಳಕಿಗೆ ಬಂದವು. ವೃದ್ಧರಾದ ಯಾತ್ರಿಕರಿಗೆ ನೂಕುನುಗ್ಗಲಿಲ್ಲದೆ ದರ್ಶನವಾಗುತ್ತದೆ. ನನ್ನ ಮಂಡಿ ನೋವಿಗೂ ಅದರಿಂದ ಉಪಕಾರವೇ ಆಯಿತು. ಆ ಮಾತನ್ನು ಮರೆಮಾಚಲಾರೆ. ಆದರೆ ಆ ಚೊಕ್ಕ ಕಲ್ಲಿನ ನೆಲದ ಮೇಲೆ ನಿಂತಾಗ ಒಂದು ಯೋಚನೆ ಬಂತು. ಕ್ರಯಪತ್ರವಿದ್ದವನಿಗೆ ಬೆಲೆ ಸಿಗುತ್ತದೆ. ಬಾಡಿಗೆ ಚೀಟಿ ಇದ್ದವನು ಪರಿಹಾರ ಕೇಳಬಹುದು. ಅಂಗಡಿಯ ಹಲಗೆಯ ಮೇಲೆ ಮಲಗಿ ಎದ್ದು ಬಾಳು ಕಳೆದ ಕೆಲಸಗಾರನ ಕೈಯಲ್ಲಿ ಏನಿರುತ್ತದೆ? ಇದು ಕಾಶಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಊರು ಅಗಲವಾಗುವ ಕಡೆಯೆಲ್ಲ ಏಳುವ ಪ್ರಶ್ನೆ.

ಇನ್ನು ನೇಕಾರರ ಮನೆ. ಜಂಗಮವಾಡಿಯಿಂದ ಹತ್ತು ನಿಮಿಷ ನಡೆದರೆ ಮದನಪುರಾ. ಒಂದು ಬೆಳಿಗ್ಗೆ ಸದ್ದಿನ ಜಾಡು ಹಿಡಿದು ಒಂದು ಗಲ್ಲಿಯೊಳಗೆ ಹೋದೆ. ನಾನು ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದವನು, ಮುಂಬಯಿಯ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿ ದುಡಿದವನು. ಆ ಸದ್ದು ಕೇಳಿದರೆ ಕಾಲು ತಾನಾಗಿ ಆ ಕಡೆ ತಿರುಗುತ್ತದೆ. ಬಾಗಿಲಲ್ಲಿ ನಿಂತು ನಮಸ್ಕಾರ ಹೇಳಿ, ನಾನೂ ಮಗ್ಗದವನೆಂದೆ. ವಯಸ್ಸಾದ ನೇಕಾರರೊಬ್ಬರು ಒಳಗೆ ಕರೆದು ಚಹಾ ಕೊಟ್ಟರು. ಒಂದೇ ಕೋಣೆ. ನೆಲದಲ್ಲಿ ಗುಂಡಿ ತೋಡಿ ಕಾಲು ಇಳಿಬಿಟ್ಟು ಕೂರುವ ಮಗ್ಗ; ಮೇಲೆ ಸೂರಿಗೆ ತಾಗುವಂತೆ ಜಕಾರ್ಡು ಯಂತ್ರ. ಮಗ್ಗ ಬಿಟ್ಟು ಉಳಿದ ಜಾಗದಲ್ಲಿ ಅಡಿಗೆ, ಮಕ್ಕಳ ಓದು, ರಾತ್ರಿಯ ಹಾಸಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುತ್ತೇವೆ. ಆ ಮನೆಯಲ್ಲಿ ಮಗ್ಗ ಬಿಟ್ಟಷ್ಟು ಕಾಲು ಚಾಚಬೇಕು.

ಮಳೆಗಾಲದಲ್ಲಿ ಗುಂಡಿಯೊಳಗೆ ನೀರು ಜಿನುಗಿದರೆ ಮಗ್ಗ ನಿಲ್ಲುತ್ತದೆ, ಆ ದಿನದ ಕೂಲಿಯೂ ನಿಲ್ಲುತ್ತದೆ. ನಾವು ಖೋಲಿ ಸೋರಿದರೂ ಗಿರಣಿಗೆ ಹೋಗಿ ಪಾಳಿ ಮುಗಿಸಿ ಬರುತ್ತಿದ್ದೆವು. ಅವರಿಗೆ ಹಾಗಿಲ್ಲ. ಮನೆ ಸೋರಿದರೆ ಗಿರಣಿಯೇ ಸೋರಿದಂತೆ. ಆದಕಾರಣ ನೇಕಾರನ ಮನೆಯ ಲೆಕ್ಕವನ್ನೂ ವರಮಾನದ ಲೆಕ್ಕವನ್ನೂ ಬೇರೆ ಬೇರೆ ಇಡುವಂತಿಲ್ಲ.

ವರಮಾನ ಎಷ್ಟು?

ಇಲ್ಲಿಯೇ ನನ್ನ ನೋಟುಪುಸ್ತಕದ ಹಾಳೆ ಖಾಲಿ ಉಳಿಯಿತು. ನಮ್ಮ ಜನಗಣತಿಯವರು ಮನೆಯ ಸೂರು ಯಾವುದರದು, ಕೋಣೆ ಎಷ್ಟು, ನೀರು ಎಲ್ಲಿಂದ, ಶೌಚಾಲಯ ಇದೆಯೇ, ಟಿ.ವಿ. ಇದೆಯೇ, ಸೈಕಲ್ಲು ಇದೆಯೇ ಎಂದೆಲ್ಲ ಕೇಳುತ್ತಾರೆ. ತಿಂಗಳಿಗೆ ಎಷ್ಟು ಗಳಿಸುತ್ತೀಯೆಂದು ಮಾತ್ರ ಇದುವರೆಗೆ ಮನೆಮನೆಗೆ ಕೇಳಿದ್ದಿಲ್ಲ. ಸರಕಾರದ ಬೇರೆ ಮಾದರಿ ಸಮೀಕ್ಷೆಗಳಿವೆ. ಅವು ಕೆಲವೇ ಮನೆಗಳನ್ನು ಆರಿಸಿ ಕೇಳುತ್ತವೆ. ಒಂದು ಊರಿನ ಒಂದು ಮೊಹಲ್ಲಾದ ಸ್ಥಿತಿ ಅದರಿಂದ ತಿಳಿಯದು.

ಅಮೆರಿಕದಲ್ಲಿ ಬೇರೆ ಪದ್ಧತಿ. ಅಲ್ಲಿ 1940ರ ಜನಗಣತಿಯಲ್ಲೇ ಸಂಬಳ ಎಷ್ಟೆಂದು ಕೇಳಿದರು. 2005ರಿಂದ ಪ್ರತಿ ವರ್ಷವೂ ದೊಡ್ಡ ಸಮೀಕ್ಷೆ ನಡೆಯುತ್ತದೆ. ಒಂದು ಮಧ್ಯಮ ಗಾತ್ರದ ಊರಿನ ಹೆಸರು ಹೇಳಿದರೆ ಸಾಕು, ಜನ ಎಷ್ಟು, ಸ್ವಂತ ಮನೆಯವರೆಷ್ಟು, ಬಾಡಿಗೆಯವರೆಷ್ಟು, ವರಮಾನದಲ್ಲಿ ಎಷ್ಟು ಪಾಲು ಬಾಡಿಗೆಗೆ ಹೋಗುತ್ತದೆ, ನಡುವಿನ ಕುಟುಂಬದ ವರಮಾನ ಎಷ್ಟು, ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ.

ನಡುವಿನ ಕುಟುಂಬ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಹೊಟೇಲಿನಲ್ಲಿ ಮಾಲಕನ ತಿಂಗಳ ವರಮಾನ ಎರಡು ಲಕ್ಷ, ಹತ್ತು ಮಂದಿ ಕೆಲಸಗಾರರ ಪಗಾರ ತಲಾ ಹನ್ನೆರಡು ಸಾವಿರ ಎಂದುಕೊಳ್ಳೋಣ. ಎಲ್ಲ ಕೂಡಿಸಿ ಹನ್ನೊಂದರಿಂದ ಭಾಗಿಸಿದರೆ ಸರಾಸರಿ ಇಪ್ಪತ್ತೊಂಬತ್ತು ಸಾವಿರ ದಾಟುತ್ತದೆ. ಕಾಗದದ ಮೇಲೆ ಪಾತ್ರೆ ತೊಳೆಯುವ ಹುಡುಗನೂ ಅನುಕೂಲಸ್ಥನಾದ! ಅದೇ ಹನ್ನೊಂದು ಮಂದಿಯನ್ನು ವರಮಾನದ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುವೆ ನಿಂತವನ ಜೇಬು ನೋಡಿದರೆ ಹನ್ನೆರಡು ಸಾವಿರ. ನಿಜ ಹೇಳುವುದು ಈ ನಡುವಿನವನೇ. ಯಾರಾದರೂ ನಿಮ್ಮೆದುರು ಸರಾಸರಿಯ ಮಾತು ಎತ್ತಿದರೆ ‘ನಡುವಿನವನಿಗೆ ಎಷ್ಟು?’ ಎಂದು ಕೇಳಿರಿ.

ಅಂಕಿ ಬರೆದಿಟ್ಟ ಮಾತ್ರಕ್ಕೆ ಬಡತನ ನೀಗುವುದಿಲ್ಲ. ಆ ಶ್ರೀಮಂತ ದೇಶದಲ್ಲೂ ಬೀದಿಯಲ್ಲಿ ಮಲಗುವವರಿದ್ದಾರೆ. ಆದರೆ ಅಂಕಿಯೇ ಇಲ್ಲದ ಬಡತನವನ್ನು ಮುಂದಿಟ್ಟುಕೊಂಡು ಸರಕಾರದೆದುರು ವಾದ ಹೂಡುವುದು ಬಹಳ ಕಷ್ಟ.

ಕಾಶಿಯ ವರಮಾನವನ್ನು ಹಾಗಾದರೆ ಕಸುಬು ಕಸುಬಾಗಿ ಹಿಡಿದು ತಿಳಿಯಬೇಕು. ತಿಂಗಳ ಪಗಾರದವರು ಇದ್ದಾರೆ. ವಿಶ್ವವಿದ್ಯಾಲಯವಿದೆ, ಅದರ ಆಸ್ಪತ್ರೆಯಿದೆ, ರೈಲ್ವೆಯಿದೆ. ರೈಲು ಎಂಜಿನು ಕಟ್ಟುವ ಕಾರಖಾನೆಗೆ 1956ರಲ್ಲಿ ಅಡಿಗಲ್ಲು ಬಿತ್ತು. 1964ರಲ್ಲಿ ಅದರ ಮೊದಲ ಡೀಸೆಲ್ ಎಂಜಿನನ್ನು ಆ ಸೀಮೆಯವರೇ ಆದ ಲಾಲ್ ಬಹಾದ್ದೂರ ಶಾಸ್ತ್ರಿಗಳು ದೇಶಕ್ಕೆ ಅರ್ಪಿಸಿದರು. 2020ರಲ್ಲಿ ಅದಕ್ಕೆ ಬನಾರಸ ಲೋಕೋಮೋಟಿವ್ ವರ್ಕ್ಸ್ ಎಂದು ಹೊಸ ಹೆಸರಿಟ್ಟರು. ಅಲ್ಲಿ ಕಾಯಂ ನೌಕರಿ ಇದ್ದವನಿಗೆ ವಸತಿ, ಶಾಲೆ, ಪಿಂಚಣಿ, ಎಲ್ಲಕ್ಕೂ ಕಾಗದವಿದೆ. ಅವನ ವರಮಾನ ಯಾರೂ ಊಹಿಸಬೇಕಾಗಿಲ್ಲ.

ಎರಡನೆಯವರು ಯಾತ್ರಿಕರನ್ನು ನಂಬಿದವರು: ದೋಣಿ ನಡೆಸುವ ಮಲ್ಲಾಹರು, ಹೂ ಮಾರುವವರು, ಸೈಕಲ್ ರಿಕ್ಷಾದವರು, ಮಣಿಕರ್ಣಿಕೆ ಹರಿಶ್ಚಂದ್ರ ಘಟ್ಟಗಳಲ್ಲಿ ಚಿತೆ ಉರಿಸುವ ಡೋಮರು, ಪೂಜೆ ಮಾಡಿಸುವ ಪಂಡರು, ಹೊಟೇಲು ಲಾಡ್ಜುಗಳ ಹುಡುಗರು. 2021ರ ನಂತರ ಬರುವ ಯಾತ್ರಿಕರ ಸಂಖ್ಯೆ ಸರಕಾರದ ಲೆಕ್ಕದಲ್ಲೇ ವರ್ಷಕ್ಕೆ ಹಲವು ಕೋಟಿ. ಹಣ ಬರುತ್ತಿದೆ, ಸುಳ್ಳಲ್ಲ. ಆದರೆ ಹಣ ಯಾರ ಗಲ್ಲೆಗೆ ಬೀಳುತ್ತದೆ, ಎಷ್ಟು ಭಾಗ ಹುಡುಗನ ಕೈಗೆ ಇಳಿಯುತ್ತದೆ? ನಾವು ಇಳಿದಿದ್ದ ಕಡೆ ಚಹಾ ತರುತ್ತಿದ್ದ ಹುಡುಗ ಬಿಹಾರದವನು. ‘ಎಲ್ಲಿ ಮಲಗುತ್ತೀಯಪ್ಪಾ?’ ಎಂದು ಕೇಳಿದೆ. ಮಾಳಿಗೆಯ ಮೇಲೆ ಬೆರಳು ತೋರಿಸಿ, ‘ಮಳೆ ಬಂದರೆ ಮೆಟ್ಟಿಲ ಮೇಲೆ’ ಎಂದ. ನನ್ನ ಕಣ್ಣ ಮುಂದೆ ನಮ್ಮ ಹೊಟೇಲುಗಳ ಹಳೆಯ ಕಾಲ ಸುಳಿಯಿತು. ರಾತ್ರಿ ಹನ್ನೊಂದಕ್ಕೆ ಮೇಜು ಜೋಡಿಸಿ ಮಲಗಿ, ಬೆಳಿಗ್ಗೆ ನಾಲ್ಕಕ್ಕೆ ಇಡ್ಲಿಯ ಪಾತ್ರೆಯ ಸದ್ದಿಗೆ ಎದ್ದವರು ಈ ಸಭೆಯಲ್ಲೇ ಎಷ್ಟು ಮಂದಿ ಇದ್ದೀರಿ!

ಮೂರನೆಯವರು ನೇಕಾರರು. ಅವರ ಕೂಲಿ ಹರಿದು ಬರುವ ದಾರಿ ಬಲು ಉದ್ದ. ಮೇಲೆ ಗದ್ದೀದಾರ, ಅಂದರೆ ದೊಡ್ಡ ವ್ಯಾಪಾರಿ. ಕೆಳಗೆ ಗೃಹಸ್ತ, ಅಂದರೆ ನೂಲು ಕೊಟ್ಟು ನೇಯಿಸುವವ. ಎಲ್ಲಕ್ಕಿಂತ ಕೆಳಗೆ ಮಗ್ಗದಲ್ಲಿ ಕುಳಿತ ಕಾರಿಗಾರ. ಕೂಲಿ ತಿಂಗಳಿಗಲ್ಲ, ಸೀರೆಗೆ. ಒಂದು ಎಳೆ ತಪ್ಪಿದರೆ, ಸಣ್ಣ ಕಲೆ ಬಿದ್ದರೆ ಕಟೌತಿ, ಅಂದರೆ ಮುರಿತ. ನಗದಿನ ಬದಲು ಮುಂದಿನ ತಾರೀಖಿನ ಚೆಕ್ಕು ಕೊಡುವ ರೂಢಿಯೂ ಇತ್ತು. ತುರ್ತಾಗಿ ದುಡ್ಡು ಬೇಕಾದವನು ಅದನ್ನೇ ಕಡಿಮೆ ಬೆಲೆಗೆ ಮಾರಿಕೊಳ್ಳಬೇಕು. 1986ರಲ್ಲಿ ಬಂದ ಅಬ್ದುಲ್ ಬಿಸ್ಮಿಲ್ಲಾಹರ ‘ಝೀನೀ ಝೀನೀ ಬೀನೀ ಚದರಿಯಾ’ ಎಂಬ ಹಿಂದಿ ಕಾದಂಬರಿ ಈ ನೇಕಾರರ ಬಾಳನ್ನೇ ಕುರಿತದ್ದು. ಹಿಂದಿ ಬಲ್ಲವರು ಓದಬೇಕು.

ಒಂದು ಲೆಕ್ಕ ಹಾಕೋಣ. ಇವು ನಾನು ಉದಾಹರಣೆಗೆ ಹಿಡಿದ ಅಂಕಿಗಳು, ಸಮೀಕ್ಷೆಯವಲ್ಲ. ಒಂದು ಸೀರೆಗೆ ಇಪ್ಪತ್ತು ದಿನ, ಕೂಲಿ ಆರು ಸಾವಿರ, ಮುರಿತ ಆರುನೂರು. ಉಳಿದದ್ದು 5,400. ದಿನಕ್ಕೆ 270 ರೂಪಾಯಿ. ಸರಿ, ಒಬ್ಬನಿಗೆ 270 ಎಂದು ಬರೆದುಕೊಂಡೆವು. ಆದರೆ ಹೆಂಡತಿ ಕಂಡಿಕೆ ಸುತ್ತಿದಳು, ಮಗಳು ಸೀರೆಯ ಹಿಂಬದಿಯ ಎಳೆ ಕತ್ತರಿಸಿದಳು. ಮೂವರ ದುಡಿಮೆ, ತಲೆಗೆ 90 ರೂಪಾಯಿ. ಮಗ್ಗ ಇಟ್ಟ ಜಾಗಕ್ಕೆ ಬಾಡಿಗೆ, ದೀಪದ ಖರ್ಚು, ಮಗ್ಗದ ರಿಪೇರಿ ಇನ್ನೂ ಕಳೆದಿಲ್ಲ. ಗಿರಣಿಯಲ್ಲಿ ಇವೆಲ್ಲ ಮಾಲಕನ ಖರ್ಚು. ಅಲ್ಲಿ ಕಾರಿಗಾರನ ಹೆಗಲಿಗೆ.

ಈಗ ನಿಜವಾದ ಅಂಕಿ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದಲ್ಲಿ ಕೈಮಗ್ಗದ ಕುಟುಂಬಗಳು 31 ಲಕ್ಷಕ್ಕೂ ಹೆಚ್ಚು. ನೂರರಲ್ಲಿ ಅರವತ್ತಾರು ಮಂದಿಯ ತಿಂಗಳ ವರಮಾನ ಐದು ಸಾವಿರ ರೂಪಾಯಿಗಿಂತ ಕಡಿಮೆ. ಇದು ಇಡೀ ದೇಶದ ಲೆಕ್ಕ. 2009ರಲ್ಲಿ ಬನಾರಸಿ ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು. ಆದರೆ ಹೆಸರಿಗೆ ಸಿಕ್ಕ ರಕ್ಷಣೆ ಕೂಲಿಗೆ ಸಿಗಲಿಲ್ಲ. ವಿದ್ಯುತ್ ಮಗ್ಗ ಬಂದು ಕೈಮಗ್ಗವನ್ನು ಮೂಲೆಗೆ ತಳ್ಳಿತು; ಸೂರತಿನಿಂದ ಅದೇ ನಮೂನೆಯ ಅಗ್ಗದ ಸೀರೆ ಬಂದು ವಿದ್ಯುತ್ ಮಗ್ಗವನ್ನೂ ಕಾಡುತ್ತಿದೆ.

ಈ ಮಾತು ನಮ್ಮ ನಾಡಿಗೂ ತಗಲುತ್ತದೆ. ಬನಾರಸಿ ಸೀರೆಗೆ ಬೇಕಾದ ರೇಷ್ಮೆಯಲ್ಲಿ ಒಂದು ಪಾಲು ಹೋಗುವುದು ಕರ್ನಾಟಕದಿಂದ. ರಾಮನಗರ, ಶಿಡ್ಲಘಟ್ಟಗಳ ಗೂಡಿನ ಪೇಟೆಯಲ್ಲಿ ರೈತ ಗೂಡು ಮಾರುತ್ತಾನೆ, ಬಿಚ್ಚುವವರು ನೂಲು ತೆಗೆಯುತ್ತಾರೆ, ಆ ನೂಲು ಗಂಗೆಯ ದಂಡೆಗೆ ಹೋಗುತ್ತದೆ. ಚೀನಾದ ನೂಲು ಅಗ್ಗವಾಗಿ ಬಂದರೆ ನಮ್ಮ ರೈತ ಅಳುತ್ತಾನೆ. ನೂಲು ತುಟ್ಟಿಯಾದರೆ ಅಲ್ಲಿಯ ನೇಕಾರ ಅಳುತ್ತಾನೆ. 2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತ ದೇಶವೇ ಬಾಗಿಲು ಹಾಕಿದಾಗ ಮದನಪುರದ ಮಗ್ಗವೂ ನಿಂತಿತು, ರಾಮನಗರದ ಗೂಡಿನ ಬೆಲೆಯೂ ಕುಸಿಯಿತು. ಎರಡು ಊರುಗಳ ಬಡವರು ಒಂದೇ ಎಳೆಯ ಎರಡು ತುದಿ ಹಿಡಿದುಕೊಂಡಿದ್ದಾರೆ. ಒಬ್ಬರನ್ನೊಬ್ಬರು ಕಂಡಿಲ್ಲ, ಅಷ್ಟೆ.

ನಮ್ಮ ಲೆಕ್ಕ

ಈಗ ನಮಗೇನು ಲಾಭ ಎಂಬ ಮಾತಿಗೆ ಬರುತ್ತೇನೆ. ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕಾಗಿದೆ.

ನಾನು 1979ರಲ್ಲಿ ಗಿರಣಿಗೆ ಬದಲಿ ಕೆಲಸಗಾರನಾಗಿ ಸೇರಿದೆ. ಹತ್ತು ಅಡಿ, ಹನ್ನೆರಡು ಅಡಿಯ ಒಂದು ಖೋಲಿಯಲ್ಲಿ ಹದಿನಾಲ್ಕು ಮಂದಿ ಇದ್ದೆವು. ಒಂದು ಪಾಳಿಯವರು ಎದ್ದು ಹೋದರೆ ಅದೇ ಚಾಪೆಯ ಮೇಲೆ ಇನ್ನೊಂದು ಪಾಳಿಯವರು. 1981ರ ಜನಗಣತಿಯಲ್ಲಿ ಒಬ್ಬ ಮಾಸ್ತರರು ಬಗಲಲ್ಲಿ ಕಾಗದದ ಕಟ್ಟು ಹಿಡಿದು ಬಾಗಿಲಿಗೆ ಬಂದರು. ಖೋಲಿಯ ಕಬ್ಜೆ ಇದ್ದವನು ‘ನಾಲ್ಕು ಮಂದಿ’ ಎಂದ. ಹೆಚ್ಚು ಹೇಳಿದರೆ ಮಾಲಕನಿಗೆ ತಿಳಿದೀತೆಂಬ ಭಯ. ನಾನು ಒಳಗೇ ಕುಳಿತಿದ್ದೆ, ಎಚ್ಚರವಾಗಿಯೇ ಇದ್ದೆ. ಬಾಯಿ ಬಿಡಲಿಲ್ಲ. ಹತ್ತು ಮಂದಿ ಹಾಗೆಯೇ ಲೆಕ್ಕದಿಂದ ಬಿದ್ದುಹೋದೆವು. ಹಾಗೆ ಎಷ್ಟು ಖೋಲಿಗಳಲ್ಲಿ ಎಷ್ಟು ಹತ್ತು ಮಂದಿಯೋ!

ಮರುವರ್ಷ ಜನವರಿ 18ರಂದು ದೊಡ್ಡ ಮುಷ್ಕರ ಆರಂಭವಾಯಿತು. ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅನೇಕರು ಮತ್ತೆ ಒಳಗೆ ಹೋಗಲೇ ಇಲ್ಲ, ನಾನೂ ಅವರಲ್ಲೊಬ್ಬ. ನಂತರ ಹೊಟೇಲಿನ ಗಲ್ಲೆಯ ಮೇಲೆ ಕುಳಿತೆ. ಬಹಳ ವರ್ಷ ಕಳೆದು, ಗಿರಣಿಗಳ ಜಾಗದಲ್ಲಿ ಹಳೆಯ ಕಾರ್ಮಿಕರಿಗೆ ಮನೆ ಕೊಡುವ ಯೋಜನೆ ಬಂತು. 1982ರ ಜನವರಿ 1ರಂದು ಅಥವಾ ಆನಂತರ ಹಾಜರಿ ಪಟ್ಟಿಯಲ್ಲಿ ಇದ್ದವರು ಅರ್ಜಿ ಹಾಕಬಹುದೆಂದರು. ಅರ್ಜಿಗಳು ಒಂದೂವರೆ ಲಕ್ಷದ ಸುಮಾರಿಗೆ ಹೋದವು. ಮನೆಯ ಕೀಲಿಕೈ ಕಂಡವರು ಅದರ ಸಣ್ಣ ಪಾಲು. ನನ್ನ ಹತ್ತಿರ ಬದಲಿ ಚೀಟಿಯೂ ಇರಲಿಲ್ಲ, ಪಗಾರದ ಚೀಟಿಯೂ ಇರಲಿಲ್ಲ. ಅರ್ಜಿಯ ಜತೆ ಏನು ಲಗತ್ತಿಸಲಿ? ಮುಂಬಯಿಯಲ್ಲಿ ಅಷ್ಟು ವರ್ಷ ಬದುಕಿಯೂ ಇಲ್ಲದವನಾದೆ.

ಇಲ್ಲಿ ಒಂದು ವಿಷಯ ಬೇರ್ಪಡಿಸಿ ತಿಳಿಯಬೇಕು. ಜನಗಣತಿಯಲ್ಲಿ ಹೆಸರು ಬರೆಸಿದರೆ ಅದು ನಿಮಗೆ ಮನೆಯ ಪುರಾವೆಯಾಗುವುದಿಲ್ಲ. 1948ರ ಜನಗಣತಿ ಕಾಯಿದೆಯಂತೆ ಒಬ್ಬೊಬ್ಬರು ಕೊಟ್ಟ ಉತ್ತರ ಗುಟ್ಟಿನದು. ಅದನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ತರುವಂತಿಲ್ಲ. ಹಾಗೆಂದೇ ಯಾರೂ ಭಯಪಡುವ ಕಾರಣವಿಲ್ಲ. ನೀವು ಹದಿನಾಲ್ಕು ಮಂದಿ ಎಂದು ಹೇಳಿದ್ದು ಮನೆ ಮಾಲಕನ ಕೈಗೆ ಹೋಗುವುದಿಲ್ಲ. ಆದರೆ ಎಲ್ಲರ ಉತ್ತರ ಕೂಡಿ ಬಂದ ಒಟ್ಟು ಮೊತ್ತದ ಮೇಲೆ ವಾರ್ಡು, ನೀರು, ಶಾಲೆ, ಪ್ರತಿನಿಧಿಗಳ ಸಂಖ್ಯೆ ನಿಂತಿವೆ.

ಪಡಿತರವನ್ನೇ ನೋಡಿರಿ. 2013ರ ಆಹಾರ ಭದ್ರತಾ ಕಾಯಿದೆ ಹಳ್ಳಿಯ ನೂರಕ್ಕೆ 75ರವರೆಗೆ, ಪಟ್ಟಣದ ನೂರಕ್ಕೆ 50ರವರೆಗೆ ಜನರಿಗೆ ಧಾನ್ಯ ಕೊಡುತ್ತದೆ. ಆ ನೂರು ಯಾವ ವರ್ಷದ ನೂರು? 2011ರದು. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್ ನಿಮಿತ್ತ ನಿಂತು, ಮುಂದೆ ಮುಂದೆ ಹೋಯಿತು. ಅಲ್ಲಿಂದೀಚೆಗೆ ಕಾಶಿಗೆ ಬಂದ ಬಿಹಾರದ ಹುಡುಗನಾಗಲಿ, ಮುಂಬಯಿಗೆ ಬಂದ ನಮ್ಮ ಕಡೆಯ ಹುಡುಗನಾಗಲಿ ಆ ಲೆಕ್ಕದೊಳಗೆ ಇಲ್ಲ.

ಹೊಸ ಗಣತಿಯನ್ನು ಸರಕಾರ 2025ರಲ್ಲಿ ಪ್ರಕಟಿಸಿತು. 2026ರಲ್ಲಿ ಮನೆಗಳ ಪಟ್ಟಿ. ಜನರ ಎಣಿಕೆಗೆ 2027ರ ಮಾರ್ಚ್ 1ರ ಗಡಿ ಎಂದು ಗೊತ್ತುಮಾಡಿದೆ. ಆದಕಾರಣ ನನ್ನ ವಿನಂತಿ ಇಷ್ಟು.

ಹೊಟೇಲಿನಲ್ಲೇ ಉಂಡು ಅಲ್ಲೇ ಮಲಗುವವರು ತಮ್ಮನ್ನು ಯಾರೂ ಎಣಿಸರೆಂದು ತಿಳಿಯಬಾರದು. ಒಂದೇ ಅಡಿಗೆಮನೆಯಲ್ಲಿ ಉಣ್ಣುವ, ಬಂಧುಗಳಲ್ಲದ ಜನರ ಬಿಡಾರವನ್ನು ಗಣತಿಯಲ್ಲಿ ಸಂಸ್ಥಾ ಕುಟುಂಬವೆಂದು ಬರೆಯುತ್ತಾರೆ. ಬೀದಿಯಲ್ಲಿ ಮಲಗುವವರನ್ನು ಎಣಿಸುವುದಕ್ಕೂ 2011ರಲ್ಲಿ ಫೆಬ್ರವರಿ 28ರ ರಾತ್ರಿಯನ್ನು ಮೀಸಲಿಟ್ಟಿದ್ದರು. ಕೇಳಿ ಬರೆಸಿಕೊಳ್ಳಿರಿ.

ಮನೆಯ ಹೆಣ್ಣುಮಕ್ಕಳ ದುಡಿಮೆಯನ್ನು ಹೇಳಿರಿ. ಹಪ್ಪಳ ಲಟ್ಟಿಸುವವಳು, ಬಟ್ಟೆ ಹೊಲಿದು ಕೊಡುವವಳು, ಡಬ್ಬಿಯ ಊಟ ಮಾಡಿ ಕಳಿಸುವವಳು ಕೆಲಸವಿಲ್ಲದವಳಲ್ಲ. ಮನೆಯೊಳಗಿನ ಉದ್ಯೋಗಕ್ಕೆ ಗಣತಿಯಲ್ಲಿ ಬೇರೆಯೇ ಕಲಮು ಇದೆ. ‘ಏನೂ ಮಾಡುವುದಿಲ್ಲ’ ಎಂದು ಗಂಡಸರು ಬಾಗಿಲಲ್ಲಿ ನಿಂತು ಹೇಳಿದರೆ, ಕಂಡಿಕೆ ಸುತ್ತಿದ ಆ ತಾಯಿಯನ್ನು ಅಳಿಸಿದಂತೆಯೇ. ಮಾತೃಭಾಷೆ ಕೇಳಿದಾಗ ನಿಮ್ಮ ಮನೆಮಾತನ್ನೇ ಬರೆಸಿರಿ.

ಪಗಾರದ ಚೀಟಿ, ಹಾಜರಿ ಕಾರ್ಡು, ಬಾಡಿಗೆಯ ರಶೀದಿ, ಇವನ್ನು ಒಂದು ಡಬ್ಬಿಯಲ್ಲಿ ಹಾಕಿಡಿರಿ. ಕೊಡದ ಮಾಲಕನ ಹತ್ತಿರ ಒಬ್ಬೊಬ್ಬರಾಗಿ ಹೋಗಬೇಡಿರಿ, ಸಂಘದ ಜತೆ ಹೋಗಿರಿ. ಜನಗಣತಿ ನಿಮ್ಮ ವರಮಾನ ಕೇಳದಿದ್ದರೆ ನಾವೇ ಕೇಳಿಕೊಳ್ಳೋಣ. ನಮ್ಮ ಸಂಘದ ಸದಸ್ಯರು ಎಷ್ಟು ಮಂದಿ, ಎಲ್ಲಿ ಮಲಗುತ್ತಾರೆ, ನಡುವಿನವನಿಗೆ ಎಷ್ಟು ಪಗಾರ, ಬಾಡಿಗೆಗೆ ಎಷ್ಟು ಹೋಗುತ್ತದೆ, ಈ ನಾಲ್ಕು ಪ್ರಶ್ನೆಗಳ ಒಂದು ಹಾಳೆ ಮಾಡಿ ಮನೆಮನೆಗೆ, ಹೊಟೇಲು ಹೊಟೇಲಿಗೆ ತಿರುಗಿದರೆ ಆರು ತಿಂಗಳಲ್ಲಿ ಲೆಕ್ಕ ಸಿದ್ಧವಾಗುತ್ತದೆ. ನನಗೆ ಕೆಲಸವಿಲ್ಲ, ಮಂಡಿ ನೋವಿದೆ, ಆದರೂ ಒಂದು ವಾರ್ಡಿನ ಹೊಣೆ ನಾನು ಹೊರುತ್ತೇನೆ. ಯುವಕರು ಮುಂದೆ ಬರಬೇಕು.

ಮದನಪುರದ ಆ ಹಿರಿಯರು ನನ್ನನ್ನು ಬೀಳ್ಕೊಡುವಾಗ, ‘ಇಲ್ಲಿಗೆ ಬರುವವರೆಲ್ಲ ಸೀರೆಯ ಬೆಲೆ ಕೇಳುತ್ತಾರೆ, ನೀವು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಿರಿ’ ಎಂದರು. ಅವರ ಮನೆಯಲ್ಲಿ ಒಂಬತ್ತು ಜನ. ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.